ನೂರ ಎಂಬತ್ತೇಳನೆಯ ಸಾಲು

ಅಪ್ಪ ತೀರಿಕೊಂಡ ತಿಂಗಳೊಪ್ಪತ್ತಿನಲ್ಲೇ ದೊಡ್ಡಪ್ಪ ಅವನ ಪಿಟೀಲನ್ನು ಸಂಗೀತ ಶಾಲೆಗೆ ದಾನ ಮಾಡಿಬಿಟ್ಟಿದ್ದರು. ಮಗಳಾದ ಅವಳನ್ನು ಒಂದು ಮಾತು ಕೇಳಲಿಲ್ಲ. ದಾನಿಗಳ ಫಲಕದಲ್ಲಿ ದೊಡ್ಡಪ್ಪನ ಹೆಸರು ಮಿಂಚಿತು, ಪಿಟೀಲು ಕಪಾಟು ಸೇರಿತು. ಹನ್ನೊಂದು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಈಗ ಅದೇ ಶಾಲೆ ಕಂಪ್ಯೂಟರ್ ಕೆಲಸಕ್ಕೆ ಅವಳನ್ನೇ ಕರೆಸಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

ಶಾಲೆಯ ಹಳೆಯ ಕಂಪ್ಯೂಟರ್ ಎರಡು ಸಲ ಕೈಕೊಟ್ಟಿತ್ತು. ಇನ್ನು ಮುಂದೆ ವಾದ್ಯಗಳ ಪಟ್ಟಿ ಮೂರು ಸರ್ವರ್‌ಗಳಲ್ಲಿ ಇರಬೇಕು. ಒಂದರಲ್ಲಿ ಬರೆದದ್ದು ಕಣ್ಣು ಮಿಟುಕಿಸುವುದರೊಳಗೆ ಉಳಿದೆರಡರಲ್ಲೂ ಮೂಡಬೇಕು, ಕನ್ನಡಿಯಲ್ಲಿ ಮುಖ ಕಂಡ ಹಾಗೆ.

"ಒಂದು ಹೋದ್ರೂ ಇನ್ನೆರಡು ಸಾಕ್ಷಿ ಹೇಳ್ಬೇಕಮ್ಮ," ಎಂದರು ಪ್ರಿನ್ಸಿಪಾಲರು.

ಸಾಕ್ಷಿ ಎಂದದ್ದೇ ತಡ, ಅವಳಿಗೆ ಅಪ್ಪನ ಪಿಟೀಲನ್ನು ಮನೆಗೆ ತರುವ ದಾರಿ ಹೊಳೆಯಿತು. ಪಟ್ಟಿಯಲ್ಲೇ ಇಲ್ಲದ ಪಿಟೀಲು ಕಳೆದುಹೋಗುವುದಾದರೂ ಹೇಗೆ? ಕಾಗದದ ದಾಖಲೆ ಎಂದೋ ಗೆದ್ದಲಿನ ಪಾಲಾಗಿತ್ತು. ಮೂಲದಲ್ಲೇ ಆ ಒಂದು ಸಾಲನ್ನು ಅಳಿಸಿ ಆಮೇಲೆ ನಕಲು ಶುರುಮಾಡಿದರೆ ಮೂರು ಸರ್ವರ್‌ಗಳೂ ಒಕ್ಕೊರಲಿನಿಂದ ಇಲ್ಲ ಎನ್ನುತ್ತವೆ.

ಸೋಮವಾರ ಬೆಳಿಗ್ಗೆ ನೂರ ಎಂಬತ್ತೇಳನೆಯ ಸಾಲು ಅಳಿಯಿತು. ಆದರೆ ನೂರ ಎಂಬತ್ತಾರರ ಪಕ್ಕದಲ್ಲಿ ನೂರ ಎಂಬತ್ತೆಂಟು, ಹಲ್ಲು ಬಿದ್ದ ಬಾಯಿಯಂತೆ ಎದ್ದು ಕಾಣುತ್ತಿತ್ತು. ಅರೆಬರೆ ಕೆಲಸ ಅವಳ ಜಾಯಮಾನವಲ್ಲ. ಕೆಳಗಿನ ಸಂಖ್ಯೆಗಳನ್ನೆಲ್ಲ ಒಂದೊಂದು ಮೇಲಕ್ಕೆ ಸರಿಸಿದಳು. ನಾನೂರ ಹನ್ನೆರಡಿದ್ದ ಪಟ್ಟಿ ನಾನೂರ ಹನ್ನೊಂದಕ್ಕೆ ಅಚ್ಚುಕಟ್ಟಾಗಿ ಮುಗಿಯಿತು. ಮೂರು ಸರ್ವರ್‌ಗಳನ್ನು ಜೋಡಿಸಿ ಹಳೆಯ ಡಿಸ್ಕನ್ನು ಪೂರ್ತಿ ಒರೆಸಿದಳು. ಪ್ರಿನ್ಸಿಪಾಲರ ಎದುರೇ ಒಂದರ ತಂತಿ ಕಿತ್ತು ತೋರಿಸಿದಳು. ಉಳಿದೆರಡು ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇದ್ದವು. ಅವರು ಮಗುವಿನಂತೆ ಚಪ್ಪಾಳೆ ತಟ್ಟಿದರು.

ಎರಡನೆಯ ಸರ್ವರ್ ಇದ್ದದ್ದು ವಾದ್ಯಗಳ ಕೋಣೆಯಲ್ಲಿ. ಅಲ್ಲಿಯ ಉಸ್ತುವಾರಿ ನೋಡಿಕೊಳ್ಳುವ ಮುದುಕ, ಸೊಂಟದ ಕೀಲಿಗೊಂಚಲಿನಿಂದಾಗಿ ಎಲ್ಲರ ಬಾಯಲ್ಲೂ ಬೀಗದಜ್ಜ, ಅದನ್ನು ಅವಳ ಕೈಗಿಟ್ಟು ಊಟಕ್ಕೆ ಹೋದ. ಸರ್ವರ್ ಬಂದಿದ್ದ ಖಾಲಿ ರಟ್ಟಿನ ಡಬ್ಬದಲ್ಲಿ ಪಿಟೀಲು ಪೆಟ್ಟಿಗೆ ಸಮೇತ ಹಾಯಾಗಿ ಮಲಗಿತು. ಹೊರಡುವಾಗ ಅಜ್ಜನೇ ಬಾಗಿಲು ಹಿಡಿದು ನಿಂತ.

"ಭಾರ ಇದ್ಯಾ ಮಗಳೇ? ಹಿಡೀಲಾ?"

"ಬರೀ ಡಬ್ಬ ಅಜ್ಜ."

ಮನೆಯಲ್ಲಿ ಹೊಸ ತಂತಿ ಕಟ್ಟಿ ಕಮಾನು ಎಳೆದಳು. ಮೊದಲು ಬೆಕ್ಕು ಕೂಗಿದ ಹಾಗಿತ್ತು. ಮರುದಿನದ ಹೊತ್ತಿಗೆ ಅಪ್ಪನ ಹಳೆಯ ಧಾಟಿಯೊಂದು ಬೆರಳಿಗೆ ಸಿಕ್ಕಿತು. ಅವಳಿಗೆ ಅಳು ಬಂತು. ಪಶ್ಚಾತ್ತಾಪ ಮಾತ್ರ ಹತ್ತಿರ ಸುಳಿಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಜ್ಜನ ಫೋನು. ಹೊಸ ಪಟ್ಟಿ ಹಿಡಿದು ಕಪಾಟು ನೋಡುತ್ತಿದ್ದನಂತೆ. ನೂರ ಎಂಬತ್ತಾರರ ತನಕ ಎಲ್ಲ ಸರಿ. ಅಲ್ಲಿಂದಾಚೆ ಪ್ರತಿಯೊಂದೂ ಒಂದು ಸಂಖ್ಯೆ ಹೆಚ್ಚುಕಮ್ಮಿ. ಮೂರು ಕಂಪ್ಯೂಟರೂ ಅದನ್ನೇ ಹೇಳುತ್ತಿವೆ, ಪ್ರಿನ್ಸಿಪಾಲರು ಪಕ್ಕದಲ್ಲೇ ನಿಂತಿದ್ದಾರೆ.

"ಯಾವುದಕ್ಕೆ ಹೋಲ್ಸಿ ನೋಡಿದ್ರಿ ಅಜ್ಜ?" ಎಂದಳು.

"ಪೆಟ್ಟಿಗೆಗಳಿಗೇ. ಒಂದೊಂದರ ತಳಕ್ಕೂ ನಾನೇ ನಂಬರ್ ಬರ್ದಿದೀನಲ್ಲ. ನೂರ ಎಂಬತ್ತೇಳು ಅಂತ ಇರೋದೊಂದೇ ಕಾಣ್ತಿಲ್ಲ," ಎಂದ ಅಜ್ಜ. ಅವಳು ಮಂಚದ ಮೇಲಿದ್ದ ಪೆಟ್ಟಿಗೆಯನ್ನು ಮೆಲ್ಲಗೆ ಮಗುಚಿದಳು. ಬಿಳಿಯ ಬಣ್ಣ, ದುಂಡು ಅಂಕಿ, ಒಂಚೂರೂ ಮಾಸಿರಲಿಲ್ಲ.