ಹಿಂದಿನ ಚಕ್ರದ ಬಳೆ

"ಎಣ್ಣೆ ಬಿಟ್ಟು ಕೊಡಪ್ಪ, ಅಷ್ಟೇ ಸಾಕು. ಬೇರೇನೂ ಮುಟ್ಟಬೇಡ. ಆ ಬಳೆ ತಂಟೆಗಂತೂ ಹೋಗ್ಲೇಬೇಡ," ಎಂದಳು ಮುದುಕಿ.

ಅವನು ನಕ್ಕುಬಿಟ್ಟ. ನಗಬಾರದಿತ್ತು. ಆದರೆ ತನ್ನ ಕಸುಬಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಅವನಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ಆ ಊರಿಗೆ ಬಂದು, ಬಾಡಿಗೆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಂಗಡಿ ಹಾಕಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಹಳೆಯ ಇಂಗ್ಲಿಷ್ ಸೈಕಲ್ಲುಗಳೆಂದರೆ, ಅದರಲ್ಲೂ ಮೂರು ಗೇರಿನವೆಂದರೆ, ಅವನಿಗೆ ಪ್ರಾಣ. ತುಕ್ಕು ಹಿಡಿದು ಮೂಲೆ ಸೇರಿದ್ದನ್ನು ತಂದುಕೊಟ್ಟರೆ, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡಿ ಕೊಡುತ್ತಿದ್ದ. ಬಾಯಿ ತೆರೆದರೆ ಒರಿಜಿನಲ್. ಒರಿಜಿನಲ್ ಬೆಲ್ಲು, ಒರಿಜಿನಲ್ ಬಣ್ಣ, ಒರಿಜಿನಲ್ ನಟ್ಟು. ಬೀದಿಯವರು ಅವನಿಗೆ 'ಒರಿಜಿನಲ್' ಎಂದೇ ಹೆಸರಿಟ್ಟಿದ್ದರು. ಅದು ಅವನಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

"ಯಾಕಜ್ಜಿ, ಬಳೆಗೆ ದೆವ್ವ ಹಿಡಿದಿದ್ಯಾ?"

ಮುದುಕಿ ನಗಲಿಲ್ಲ. ಅವಳ ಬಲಗೈ ಭುಜದಿಂದ ಬೆರಳಿನವರೆಗೂ ಬಾತುಕೊಂಡಿತ್ತು. ಅದೇ ಕೈಯಿಂದ ಅವಳು ಸೈಕಲ್ಲಿನ ಹಿಂದಿನ ಚಕ್ರವನ್ನೊಮ್ಮೆ ತಿರುಗಿಸಿ, ಬಾಗಿ ಕಿವಿಗೊಟ್ಟಳು.

"ಮೊದಲು ಟಿಕ್ ಟಿಕ್ ಅಂತ ಚೆನ್ನಾಗಿ ಸದ್ದು ಬರ್ತಿತ್ತು. ಈಗ ಕೇಳ್ತಾನೇ ಇಲ್ಲ. ಆ ಸದ್ದು ಬೇಕು ನಂಗೆ. ಕತ್ತಲಾಗೋದ್ರೊಳಗೆ ಕೊಟ್ಟುಬಿಡು. ಮನೇಲಿ ಯಜಮಾನ್ರು ಮಲಗಿದಾರೆ."

"ಅವರು ಮಲಗಿದ್ರೆ ಸೈಕಲ್ ಹೊಡಿಯೋರು ಯಾರು?"

"ಯಾರೂ ಹೊಡಿಯಲ್ಲ," ಎಂದಷ್ಟೇ ಹೇಳಿ ಅವಳು ಹೊರಟುಹೋದಳು.

ಅವನು ಸೈಕಲ್ಲನ್ನು ಒಳಗೆ ತಂದು ನಿಲ್ಲಿಸಿದ. ಮಸಿ ಹಿಡಿದಿದ್ದ ಚೌಕಟ್ಟಿನ ಕತ್ತನ್ನು ಬಟ್ಟೆಯಲ್ಲಿ ಉಜ್ಜಿದಾಗ ಕಡುಹಸಿರು ಕಂಡಿತು, ಅದರ ಅಂಚಿಗೆ ಕೂದಲೆಳೆಯಂಥ ಚಿನ್ನದ ಗೆರೆ. ಮುಂದಿನ ಮಡ್‌ಗಾರ್ಡಿನ ತುದಿ, ಚೈನ್ ಕವರಿನ ತಿರುವು, ಹ್ಯಾಂಡಲ್ಲಿನ ಮೇಲಿನ ಗೇರು ಬದಲಿಸುವ ಪುಟ್ಟ ಹಿಡಿ, ಒಂದೊಂದನ್ನೂ ಬೆರಳಿನಿಂದ ಸವರುತ್ತ ಅದು ಯಾವ ಕಾಲದ್ದು ಎಂದು ಲೆಕ್ಕ ಹಾಕಿದ. ಕೊನೆಗೆ ಹಿಂದಿನ ಚಕ್ರಕ್ಕೆ ಬಂದ. ಇಂಥ ಸೈಕಲ್ಲಿನ ಮೂರು ಗೇರೂ ಇರುವುದು ಆ ಚಕ್ರದ ನಡುವಿನ ದಪ್ಪ ಉಕ್ಕಿನ ಹಬ್‌ನ ಹೊಟ್ಟೆಯೊಳಗೆ. ಅದು ಹುಟ್ಟಿದ ವರ್ಷವನ್ನು ಹಬ್‌ನ ಮೈಮೇಲೆಯೇ ಅಚ್ಚೊತ್ತಿರುತ್ತಾರೆ. ಅದನ್ನು ಓದಲು ಹೋದರೆ ಬಳೆ ಅಡ್ಡ ಬಂತು.

ಬಳೆ ಎಂದರೆ ಏನೂ ಇಲ್ಲ, ಹಬ್‌ನ ಸುತ್ತ ಸಡಿಲವಾಗಿ ಕಟ್ಟುವ ಒಂದು ಪಟ್ಟಿ. ಚಕ್ರ ತಿರುಗಿದಾಗ ಅದು ಜಾರುತ್ತ ಲೋಹವನ್ನು ಉಜ್ಜಿ ಫಳಫಳ ಹೊಳೆಯುವಂತೆ ಇಡುತ್ತದೆ. ಅವನೂ ಕಟ್ಟುತ್ತಿದ್ದ. ಅವನ ಕೈಯಿಂದ ಹೊರಬಿದ್ದ ಪ್ರತಿ ಸೈಕಲ್ಲಿಗೂ ಮಗಳ ಹಳೆಯ ಕೆಂಪು ರಿಬ್ಬನ್ನಿನ ಬಳೆ ಇರಲೇಬೇಕು, ಅದೇ ಅವನ ಸಹಿ. "ಕಂಪನಿಯವರು ರಿಬ್ಬನ್ ಕಟ್ಟಿ ಕಳಿಸ್ತಿದ್ರಾ? ಅದೆಂಥ ಒರಿಜಿನಲ್ರೀ ನಿಮ್ದು?" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ಮಗಳು ಪುಟ್ಟಿ ಮಾತ್ರ ಊರ ಸೈಕಲ್ಲುಗಳೆಲ್ಲ ತನ್ನವೇ ಎಂಬಂತೆ ಬೀಗುತ್ತಿದ್ದಳು.

ಆದರೆ ಈ ಬಳೆ ಕಪ್ಪಗಿತ್ತು. ಕೂದಲನ್ನು ಬಿಗಿಯಾಗಿ ಹೆಣೆದು, ಏನನ್ನೋ ಮೆತ್ತಿ ಗಟ್ಟಿ ಮಾಡಿದ್ದರು. ಕೆಳಗಿನ ಲೋಹದ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು, ಜ್ವರ ಬಂದವರ ಕಂಕುಳಿನ ಹಾಗೆ. ಬಿಸಿಲಲ್ಲಿ ಬಂದಿದೆಯಲ್ಲ, ಅದಕ್ಕೇ ಎಂದುಕೊಂಡ. ಹೊರಗೆ ಬೆಳಗಿನಿಂದ ಮೋಡ ಕವಿದಿತ್ತು.

ಹೆಂಡತಿ ಟೀ ತಂದಿಟ್ಟಳು. "ಅಜ್ಜಿ ಬರೀ ಎಣ್ಣೆ ಬಿಡು ಅಂದಿದ್ದು ನಂಗೂ ಕೇಳಿಸ್ತು. ಸುಮ್ನೆ ಎಣ್ಣೆ ಬಿಟ್ಟು ಕೊಡ್ಬಾರ್ದಾ?"

"ಅಜ್ಜಿಗೇನೇ ಗೊತ್ತು? ಒಳಗೆ ಎಣ್ಣೆ ಗಟ್ಟಿಯಾಗಿ ಅಂಟು ಹಿಡಿದಿದೆ, ಅದಕ್ಕೇ ಸದ್ದಿಲ್ಲ. ನೋಡ್ತಿರು, ಈ ಟೀ ಆರೋದ್ರೊಳಗೆ ಪೂರ್ತಿ ಬಿಚ್ಚಿ ಜೋಡಿಸ್ತೀನಿ."

ಅದು ಬರಿ ಜಂಬವಲ್ಲ. ಅವನ ಕೈ ಅಷ್ಟು ಚುರುಕು.

ಬಳೆಗೆ ಚಾಕು ಹಾಕಿದ. ಹತ್ತಲಿಲ್ಲ. ಚಕ್ರದ ಕಡ್ಡಿ ತುಂಡರಿಸುವ ಇಕ್ಕಳ ತಂದು ಒತ್ತಿದ. ಕಚಕ್ಕೆಂದಿತು. ಆ ಕ್ಷಣಕ್ಕೆ ಶೆಡ್ಡಿನ ತುಂಬ ವಾಸನೆ ಎದ್ದಿತು. ಸುಟ್ಟ ಕೂದಲಿನ ವಾಸನೆ, ಅದರ ಹಿಂದೆಯೇ ಬಹಳ ಕಾಲ ಹಾಸಿಗೆ ಹಿಡಿದವರ ಕೋಣೆಯ ವಾಸನೆ. ಬೆವರು, ಔಷಧಿ, ತೊಳೆಯದ ದಿಂಬು. ಎಲ್ಲೋ ಬೀದಿಯ ಆ ತುದಿಯಲ್ಲಿ ಹೆಂಗಸೊಬ್ಬಳು ಒಂದೇ ಒಂದು ಸಲ ಕೂಗಿದಳು. ಅವನು ಮೂಗು ಮುಚ್ಚಿಕೊಂಡು ಬಳೆಯನ್ನು ಕಸದ ಡಬ್ಬಕ್ಕೆ ಎಸೆದ. ಹಬ್ ತಣ್ಣಗಾಗಿತ್ತು.

ಆಮೇಲೆ ಕೆಲಸದಲ್ಲಿ ಮುಳುಗಿಹೋದ. ಹಲ್ಲಿನ ಚಕ್ರಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದ. ಹಬ್‌ನೊಳಗೆ ಉಕ್ಕಿನ ಎರಡು ಪುಟ್ಟ ನಾಲಿಗೆಗಳಿರುತ್ತವೆ. ಚಕ್ರ ತಿರುಗಿದಾಗ ಅವು ಹಲ್ಲಿಂದ ಹಲ್ಲಿಗೆ ಬೀಳುವುದೇ ಆ ಟಿಕ್ ಟಿಕ್. ನಾಲಿಗೆಗಳನ್ನು ಎತ್ತಿಹಿಡಿಯುವ ಸ್ಪ್ರಿಂಗುಗಳು ನೂಲಿಗಿಂತ ತೆಳು. ಅದರಲ್ಲೊಂದು ದಣಿದು ಬಾಗಿತ್ತು. ಹೊಸದು ಡಬ್ಬಿಯಲ್ಲಿತ್ತು. ಕೈಗೆ ತೆಗೆದುಕೊಂಡ, ನೋಡಿದ, ಮತ್ತೆ ಡಬ್ಬಿಗೇ ಹಾಕಿದ. ಹಳೆಯದು ಕಂಪನಿಯದು, ಒರಿಜಿನಲ್. ಇನ್ನೂ ಸ್ವಲ್ಪ ಕಾಲ ಬಂದೀತು ಎಂದು ಅದನ್ನೇ ಕೂರಿಸಿದ.

ಪುಟ್ಟಿ ಸ್ಕೂಲಿನಿಂದ ಓಡುತ್ತಲೇ ಬಂದಳು. ಚೀಲ ಒಂದು ಕಡೆ, ಚಪ್ಪಲಿ ಒಂದು ಕಡೆ.

"ಅಪ್ಪಾ, ಇದಕ್ಕೆ ರಿಬ್ಬನ್ ಕಟ್ಟಿದ್ಯಾ?"

"ಹಳೇದೆಲ್ಲ ಮುಗಿದೋಯ್ತಲ್ಲ ಪುಟ್ಟೀ."

"ಇದನ್ನ ತಗೋ," ಎಂದು ಜಡೆಯಿಂದ ರಿಬ್ಬನ್ನನ್ನು ಸರಕ್ಕನೆ ಎಳೆದಳು. ಗಂಟಿಗೆ ಸಿಕ್ಕಿದ್ದ ಕೂದಲೂ ಕಿತ್ತು ಬಂತು. "ಆವ್!" ಎಂದು ತಲೆ ಉಜ್ಜಿಕೊಂಡು ನಕ್ಕಳು.

ಅವನು ಕಟ್ಟಿದ. ಎಂದಿನ ಹಾಗೆ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗಂಟು ಬಿಗಿದು, ಚಕ್ರವನ್ನು ಜೋರಾಗಿ ತಿರುಗಿಸಿದ. ಟಿಕ್ ಟಿಕ್ ಟಿಕ್ ಟಿಕ್. ಎಂಥ ಸದ್ದು! ಹೊಸ ಗಡಿಯಾರದ ಸದ್ದು. ಪುಟ್ಟಿ ಚಪ್ಪಾಳೆ ತಟ್ಟಿದಳು. ಚಕ್ರ ನಿಧಾನವಾಯಿತು. ಟಿಕ್... ಟಿಕ್. ಚಪ್ಪಾಳೆಯೂ ನಿಧಾನವಾಯಿತು. ಚಕ್ರ ನಿಂತಿತು.

ಪುಟ್ಟಿ ನಿಂತಲ್ಲೇ ಕುಸಿದಳು.

ಮೊದಲು ತಮಾಷೆ ಎಂದುಕೊಂಡ. "ಏಳೇ, ನಾಟಕ ಸಾಕು," ಎಂದ. ಏಳಲಿಲ್ಲ. ಎತ್ತಿಕೊಂಡ. ತಲೆ ಹಿಂದಕ್ಕೆ ಜೋತುಬಿತ್ತು. ಕಣ್ಣು ಅರೆ ತೆರೆದಿತ್ತು. ಮೂಗಿನ ಹತ್ತಿರ ಕೈ ಹಿಡಿದ. ಉಸಿರಿಲ್ಲ. ಹೆಂಡತಿ ಓಡಿ ಬಂದಳು, ಕಿರುಚಿದಳು, ನೀರು ಚಿಮುಕಿಸಿದಳು, ಕೆನ್ನೆ ತಟ್ಟಿದಳು. ಹೊರಗೆ ಬೆಳಕು ಬತ್ತುತ್ತಿತ್ತು. ತಗಡಿನ ಗೋಡೆಗಳು ಕಪ್ಪಾಗುತ್ತಿದ್ದವು. ಆ ವಾಸನೆ ಮತ್ತೆ ಬಂತು. ಈ ಸಲ ಅದರಲ್ಲಿ ಪುಟ್ಟಿಯ ತಲೆಗೆ ಹಚ್ಚುವ ಎಣ್ಣೆಯ ವಾಸನೆಯೂ ಸೇರಿತ್ತು. ಹಬ್ ಕಡೆಯಿಂದ ಬರುತ್ತಿತ್ತು.

"ತಿರುಗ್ಸು!"

ಬಾಗಿಲಲ್ಲಿ ಮುದುಕಿ. ಕೆದರಿದ ತಲೆ, ಊದಿದ ಕಣ್ಣು.

"ನೋಡ್ತಾ ನಿಂತ್ಕೋಬೇಡ! ಚಕ್ರ ತಿರುಗ್ಸು!"

ಅವನು ತಿರುಗಿಸಿದ. ಯಾಕೆಂದು ಕೇಳಲಿಲ್ಲ. ಟಿಕ್. ಪುಟ್ಟಿಯ ಎದೆ ಏರಿತು. ಟಿಕ್. ಇಳಿಯಿತು. ಟಿಕ್ ಟಿಕ್ ಟಿಕ್. ಕಣ್ಣು ಬಿಟ್ಟಳು. "ಅಮ್ಮಾ, ಚಳಿ," ಎಂದಳು.

ಮುದುಕಿ ಹೊಸಿಲ ಮೇಲೆ ಕುಸಿದು ಕೂತಳು. ಸಿಟ್ಟು ಮಾಡಲೂ ಅವಳಲ್ಲಿ ಬಲವಿರಲಿಲ್ಲ.

"ಹೋದ್ರು. ಮಧ್ಯಾಹ್ನವೇ ಹೋದ್ರು. ನೀನು ಬಳೆ ಕತ್ತರಿಸಿರ್ತೀಯ ಅಂತ ಆಗ್ಲೇ ಗೊತ್ತಾಯ್ತು." ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು. "ಸಾಯೋ ಗಂಡನ್ನ ಉಳಿಸ್ಕೋಬೇಕು ಅಂತ ಒಬ್ಬನ ಕೈಲಿ ಈ ಚಕ್ರಕ್ಕೆ ಮಾಟ ಮಾಡಿಸ್ದೆ. ಯಾರ ಕೂದಲು ಇದಕ್ಕೆ ಸುತ್ತಿರುತ್ತೋ ಅವರ ಉಸಿರು ಇದರಲ್ಲೇ. ಟಿಕ್ ಅನ್ನೋವರೆಗೂ ಉಸಿರು."

"ಹಾಗಾದ್ರೆ ಈ ರಿಬ್ಬನ್ ಬಿಚ್ಚಿ ಬಿಸಾಕ್ತೀನಿ!" ಅವನು ಗಂಟಿಗೆ ಕೈ ಹಾಕಿದ.

"ಬಿಚ್ಚಿದ್ರೆ ಏನಾಗುತ್ತೆ ಅಂತ ನಮ್ಮನೆಗೆ ಹೋಗಿ ನೋಡ್ಕೊಂಡು ಬಾ. ಹೆಣ ಇನ್ನೂ ಎತ್ತಿಲ್ಲ."

ಅವನ ಕೈ ಅಲ್ಲೇ ನಿಂತಿತು. ಇನ್ನೊಂದು ಕೈ ಚಕ್ರವನ್ನು ತಿರುಗಿಸುತ್ತಲೇ ಇತ್ತು.

"ಆ ಮಾಟಗಾರ ಎಲ್ಲಿ? ಅವನನ್ನ ಕರೀರಿ ಅಜ್ಜಿ, ಕಾಲಿಗೆ ಬೀಳ್ತೀನಿ."

"ಅವನು ಸತ್ತು ಯಾವ ಕಾಲವಾಯ್ತೋ." ಮುದುಕಿ ಗೋಡೆ ಹಿಡಿದು ಎದ್ದಳು. "ಕೂದಲು ಕಟ್ಟಿದ ಹೊತ್ತಲ್ಲಿ ಒಂದ್ಸಲ ಹೀಗೆ ಉಸಿರು ನಿಂತು ಚಕ್ರದೊಳಗೆ ಸೇರುತ್ತೆ. ಇನ್ನು ಮೊದಮೊದಲು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ತಿರುಗಿಸಿದ್ರೆ ಸಾಕಾಗುತ್ತೆ. ಆಮೇಲಾಮೇಲೆ ಸಾಕಾಗಲ್ಲ. ನಮ್ಮೋರದು ಮುದಿ ಉಸಿರು, ರಾತ್ರಿಯೆಲ್ಲ ತಿರುಗಿಸಿಟ್ರೆ ಹಗಲು ತಡ್ಕೋತಿತ್ತು, ಮಗು ಉಸಿರು ಅಷ್ಟು ತಡ್ಕೊಳ್ಳಲ್ಲ. ಸೈಕಲ್ಲು ಇನ್ನು ನಿಂದೇ, ಇಟ್ಕೋ."

ಹೋಗುವಾಗ ಅವಳು ಒಮ್ಮೆ ತಿರುಗಿ ಪುಟ್ಟಿಯನ್ನು ನೋಡಿದಳು. ಅವಳ ಮುಖದಲ್ಲಿದ್ದುದು ಮರುಕ. ಆದರೆ ಅದರ ಕೆಳಗೆ, ಹೊತ್ತ ಹೊರೆ ಇಳಿಸಿದವರ ಬಿಡುಗಡೆಯೂ ಇತ್ತು. ಅದನ್ನು ಅವನು ಕಂಡ, ಮತ್ತು ಸಾಯುವವರೆಗೂ ಕ್ಷಮಿಸಲಾರೆ ಎಂದುಕೊಂಡ.

ಗಂಡ ಹೆಂಡತಿ ಸುಮ್ಮನೆ ಕೂರಲಿಲ್ಲ. ದೊಡ್ಡ ಆಸ್ಪತ್ರೆಗೆ ಕರೆದೊಯ್ದರು, ಮಗಳ ಜೊತೆಗೆ ಚಕ್ರವನ್ನೂ ಹೊತ್ತುಕೊಂಡು. ಕಾಯುವ ಸಾಲಿನಲ್ಲಿ ಚಕ್ರ ತಿರುಗಿಸುತ್ತ ಕೂತವನನ್ನು ನೋಡಿ ಜನ ಮುಸಿಮುಸಿ ನಕ್ಕರು. ಮಗುವಿಗೆ ಏನೂ ಆಗಿಲ್ಲ, ಅಪ್ಪನನ್ನೇ ಯಾರಾದರೂ ಒಳ್ಳೆಯ ಡಾಕ್ಟರಿಗೆ ತೋರಿಸಿ ಎಂದು ಅಲ್ಲಿನವರು ಹೇಳಿ ಕಳಿಸಿದರು. ಅವನು ಚಕ್ರಕ್ಕೆ ಮೋಟರು ಕಟ್ಟಿ ನೋಡಿದ. ಚಕ್ರ ಗಿರ್ರೆಂದು ತಿರುಗಿತು, ಟಿಕ್ ಟಿಕ್ ಎಂದಿತು, ಪುಟ್ಟಿ ಮಾತ್ರ ನೀಲಿಗಟ್ಟುತ್ತ ಹೋದಳು. ಹೆಂಡತಿ ಮೋಟರನ್ನು ಒದ್ದು ಬೀಳಿಸಿ ಕೈ ಹಾಕಿದಾಗಲೇ ಉಸಿರು ಮರಳಿತು. ಅದಕ್ಕೆ ಕೈಯೇ ಬೇಕಿತ್ತು, ಅವಳು ಬದುಕಲಿ ಎಂದು ಒದ್ದಾಡುವವರ ಕೈಯೇ ಬೇಕಿತ್ತು.

ಮೊದಲು ರಾತ್ರಿಯೆಲ್ಲ ನಿದ್ದೆ ಮಾಡಬಹುದಿತ್ತು. ಆಮೇಲೆ ಸರದಿಯ ಮೇಲೆ ಮಲಗಿದರು. ಶೆಡ್ಡಿನಲ್ಲೇ ಒಲೆ, ಶೆಡ್ಡಿನಲ್ಲೇ ಹಾಸಿಗೆ. ಕೈ ಬದಲಿಸುವಷ್ಟು ಹೊತ್ತು ಚಕ್ರ ನಿಂತರೆ ಪುಟ್ಟಿ ತಡೆದುಕೊಳ್ಳುತ್ತಿದ್ದಳು, ಅದಕ್ಕಿಂತ ಹೆಚ್ಚಿಲ್ಲ. ಅವನ ಬಲಗೈ ಭುಜದಿಂದ ಬೆರಳಿನವರೆಗೂ ಬಾತುಕೊಂಡಿತು. ಆ ಬಾಗಿದ ಸ್ಪ್ರಿಂಗು ಅವನಿಗೆ ಮರೆತಿರಲಿಲ್ಲ. ಮೊದಲ ದಿನಗಳಲ್ಲೇ ಬಿಚ್ಚಿ ಹೊಸದು ಹಾಕಬಹುದಿತ್ತು, ಆಗ ಪುರಸೊತ್ತಿತ್ತು. ಆದರೆ ಬಿಚ್ಚಿದರೆ ಏನಾಗುತ್ತದೋ ಎಂದು ಹಬ್ ಮುಟ್ಟುವ ಧೈರ್ಯವೇ ಆಗಲಿಲ್ಲ. ನಾಳೆ ನೋಡೋಣ, ನಾಳೆ ನೋಡೋಣ ಎಂದು ತಳ್ಳಿದ.

ಒಂದು ಸಂಜೆ ಹೆಂಡತಿ ಚಕ್ರ ತಿರುಗಿಸುತ್ತಿದ್ದಳು. ಅವನು ಟೀ ಲೋಟ ಹಿಡಿದು ಗೋಡೆಗೊರಗಿದ್ದ. ಪುಟ್ಟಿ ಹಾಸಿಗೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು, ಕೆಂಪು ರಿಬ್ಬನ್ನಿನ ಸೈಕಲ್ಲಿನ ಚಿತ್ರ.

ಟಿಕ್ ಟಿಕ್ ಟಿಕ್ ಟಿಕ್. ಟಿಕ್ ಟಿಕ್.

ಟಿಕ್. ಟಿಕ್.

ಅವನು ಲೋಟವನ್ನು ಪಕ್ಕಕ್ಕಿಟ್ಟ. ಎರಡು ನಾಲಿಗೆಗಳಲ್ಲಿ ಒಂದು ಬಿದ್ದುಹೋಗಿತ್ತು. ಪುಟ್ಟಿಯ ಪೆನ್ಸಿಲ್ ನಿಂತಿತು. ಅವಳೀಗ ಎರಡು ಉಸಿರಿನ ಜಾಗದಲ್ಲಿ ಒಂದನ್ನು ಮಾತ್ರ ಎಳೆಯುತ್ತಿದ್ದಳು.

"ಏನ್ರೀ, ಸದ್ದು ಯಾಕೆ ಹೀಗೆ ಬರ್ತಿದೆ? ನಾನು ಸರಿಯಾಗೇ ತಿರುಗಿಸ್ತಿದೀನಲ್ಲ?"

ಅವನು ಡಬ್ಬಿ ತೆಗೆದ. ಹೊಸ ಸ್ಪ್ರಿಂಗು ಅಲ್ಲೇ ಇತ್ತು, ಎಣ್ಣೆ ಕಾಗದದಲ್ಲಿ ಸುತ್ತಿದ ಹಾಗೇ. ಅಂಗೈಯಲ್ಲಿಟ್ಟುಕೊಂಡ. ಅದನ್ನು ಹಾಕಬೇಕಾದರೆ ಚಕ್ರ ನಿಲ್ಲಿಸಬೇಕು, ಕಳಚಬೇಕು, ಹಬ್ ಬಿಚ್ಚಬೇಕು, ಮತ್ತೆ ಜೋಡಿಸಬೇಕು. ಈ ಕೆಲಸವನ್ನು ಅವನಿಗಿಂತ ಬೇಗ ಮಾಡುವವರು ಯಾರೂ ಇರಲಿಲ್ಲ. ಟೀ ಆರುವಷ್ಟು ಹೊತ್ತು ಸಾಕಿತ್ತು ಅವನಿಗೆ. ಪುಟ್ಟಿಗಿದ್ದದ್ದು ಕೈ ಬದಲಿಸುವಷ್ಟು ಹೊತ್ತು ಮಾತ್ರ.

ಉಳಿದ ಒಂದೇ ನಾಲಿಗೆಯ ಸದ್ದೂ ಮಂದವಾಗುತ್ತಿತ್ತು. ಟಿಕ್. ಬಹಳ ಹೊತ್ತಿನ ಮೇಲೆ, ಟಿಕ್.

"ಹೇಳ್ರೀ, ಏನಾಯ್ತು?"

"ಏನಿಲ್ಲ ಕಣೇ," ಎಂದ ಅವನು. ಒಂದು ಕೈಗೆ ಸ್ಪ್ಯಾನರ್ ತೆಗೆದುಕೊಂಡ, ಇನ್ನೊಂದು ಕೈಯನ್ನು ಪುಟ್ಟಿಯ ತಲೆಯ ಮೇಲಿಟ್ಟ. "ನೀನು ನಿಲ್ಲಿಸ್ಬೇಡ, ತಿರುಗಿಸ್ತಾನೇ ಇರು."

ಅವನ ಪಕ್ಕದಲ್ಲಿ ಟೀ ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು.