ಅವಳ ಅವ್ವ ಮುಖ ಮರೆಸಿಕೊಂಡಿದ್ದೇಕೆ?

"ಇಳಿ ಕುದುರೆಯಿಂದ!"

ಎವಾರಿಸ್ಟೊನ ದಾರಿಗೆ ಅಡ್ಡ ನಿಂತ ನಾಲೀನ್‌ಳ ಕೈಯಲ್ಲಿ ಚಾಕುವಿತ್ತು. ಎರಡು ವರ್ಷದ ಹಿಂದೆ, ಸೈನಿಕರಿಗೂ ಅವಳ ಅಪಾಚೆ ಬುಡಕಟ್ಟಿನವರಿಗೂ ನಡೆದ ಕಾಳಗದ ಮಧ್ಯೆ ಸಿಕ್ಕಿ ಕಾಲು ಮುರಿದುಕೊಂಡಿದ್ದ ಅವನ ಕುತ್ತಿಗೆಗೆ ಇದೇ ಚಾಕು ಹಿಡಿದಿದ್ದಳು. ಅವನು ಮೆಕ್ಸಿಕೋದವನು, ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವವನು. ಆಗ ಅವಳ ಅವ್ವನೇ ತಡೆದು, "ಹಸಿದಿದಾನೆ ಕಣೇ, ಮೊದ್ಲು ತಿನ್ಲಿ" ಅಂದಿದ್ದಳು.

ಅಂದಿನಿಂದ ಅವನು ಅಪಾಚೆಗಳ ಜೊತೆಯಲ್ಲೇ ಉಳಿದ. ಅವರ ಭಾಷೆ ಕಲಿತ. ನಾಲೀನ್‌ಳ ಮನಸ್ಸನ್ನೂ ಕದ್ದ, ಕಳ್ಳ!

"ಸೈನಿಕರು ಬರ್ತಿದಾರೆ ಅಂತ ನಾವೆಲ್ಲ ಬೆಟ್ಟ ಹತ್ತುತಿದ್ರೆ, ನೀನು ಹೇಳದೆ ಕೇಳದೆ ಕೆಳಗಿಳೀತಿದೀಯಾ? ಹೆದರಿಕೆನಾ?"

"ಹೆದರಿಕೆ ಅಲ್ಲ..." ಅವನ ಧ್ವನಿ ಒಡೆಯಿತು. "ನಿನ್ನನ್ನ ಮದುವೆಗೆ ಕೇಳೋಕೆ ನಾನಿರೋ ಗುಡಿಸಲಿನ ಅಜ್ಜೀನ ಕಳಿಸಿದ್ನಲ್ಲ, ಅವತ್ತಿಂದ ನಿಮ್ಮವ್ವ ನನ್ನ ಕಂಡ್ರೆ ಓಡ್ತಾರೆ. ನಿನ್ನೆ ಕಂಬಳಿ ಮುಸುಕು ಹಾಕ್ಕೊಂಡು ಪೊದೆ ಹಿಂದೆ ಕೂತ್ಬಿಟ್ರು! ಅವರಿಗೇ ಬೇಡವಾದ್ಮೇಲೆ ನಾನು ಹೇಗಿರ್ಲಿ?"

ನಾಲೀನ್ ದಂಗಾದಳು. 'ನನ್ನ ಕೇಳಿದ್ದೇ ತಪ್ಪಾಯ್ತು ಅಂತ ಇವನಿಗೆ ಅನ್ನಿಸ್ತೇನೋ ಅಂತ ನಾಲ್ಕು ದಿನ ಅತ್ನಲ್ಲ... ಇಷ್ಟಕ್ಕಾ?'

"ದಡ್ಡ! ನಮ್ಮಲ್ಲಿ ಯಾವ ಅಳಿಯ ಅತ್ತೆ ಎದುರು ಕೂತಿದ್ದು ನೋಡಿದೀಯ?"

ಅವನು ಯೋಚಿಸಿದ. ಒಬ್ಬನನ್ನೂ ನೋಡಿರಲಿಲ್ಲ.

"ಅಳಿಯನ ಮುಖ ಅತ್ತೆ, ಅತ್ತೆ ಮುಖ ಅಳಿಯ ನೋಡಬಾರದು. ಅದು ಗೌರವ ಕಣೋ. ಅವ್ವ ಅವತ್ತೇ ಒಪ್ಪಿದ್ಲು!"

"ಅಜ್ಜಿ ಒಂದು ಮಾತೂ ಹೇಳ್ಲಿಲ್ಲ..."

"ಅವ್ವ ಮುಸುಕು ಹಾಕಿದ್ಮೇಲೆ ಹೇಳೋದೇನು ಉಳೀತು ಅಂದ್ಕೊಂಡ್ಳು!"

ಅಷ್ಟರಲ್ಲಿ ಬಂಡೆಯ ಆಚೆಯಿಂದ ಅವ್ವನ ಕೂಗು. "ನಾಲೀನ್! ಸುಟ್ಟ ಕತ್ತಾಳೆ ಗೆಡ್ಡೆ ಇಲ್ಲಿಟ್ಟಿದೀನಿ. ತಿಂದು ಬೆಟ್ಟ ಹತ್ತೋಕೆ ಹೇಳೇ ಅವರಿಗೆ!"

ಅವರಿಗೆ! ಮೊನ್ನೆ ಮೊನ್ನೆವರೆಗೂ ಅವನನ್ನು 'ಲೋ ಮಗನೇ' ಎನ್ನುತ್ತಿದ್ದವಳು!

ಎವಾರಿಸ್ಟೊ ದಡಕ್ಕನೆ ಇಳಿದು ಕುದುರೆಯ ಮರೆಗೆ ಓಡಿದ. ಹ್ಯಾಟನ್ನು ಮೂಗಿನವರೆಗೂ ಎಳೆದುಕೊಂಡು, ತಪ್ಪು ಮಾಡಿದವನಂತೆ ಕುಕ್ಕರಿಸಿದ. ನಾಲೀನ್‌ಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಚಾಕುವನ್ನು ಒರೆಗೆ ಹಾಕಿ ಅವನೆದುರು ಮಂಡಿಯೂರಿದಳು.

"ಅವ್ವ ಹೋದ್ಲು."

"ನಿನ್ನ... ನೋಡಬಹುದಲ್ವಾ?"

ಅವಳು ಅವನ ಹ್ಯಾಟನ್ನು ಮೆಲ್ಲಗೆ ಮೇಲೆತ್ತಿದಳು.

"ನನ್ನನ್ನ ದಿನಾ ನೋಡ್ಬೇಕು."