ಕಾರಾಸನ ಬಲಗೈ

"ಯುಸ್ತೀನಾ! ಬಾರೇ ಇಲ್ಲಿ! ಏನೇ ಇದು?"

ಅಮ್ಮ ಅಡುಗೆಮನೆಯಿಂದ ಕೂಗಿದ ಕೂಗಿಗೇ ಯುಸ್ತೀನಾಳಿಗೆ ಗೊತ್ತಾಗಿಹೋಯಿತು, ಗುಟ್ಟು ರಟ್ಟಾಗಿದೆ ಎಂದು. ಮೆಲ್ಲಗೆ ಬಂದು ಬಾಗಿಲ ಹತ್ತಿರ ನಿಂತಳು. ಅಮ್ಮನ ಕೈಯಲ್ಲಿ ಒಂದು ಲೋಟ ಕಿತ್ತಳೆ ರಸವಿತ್ತು. ರಸದ ಮೇಲೆ ನೀಲಿ ನೀಲಿ ಇಂಕು ತೇಲುತ್ತಿತ್ತು.

"ಇರೋಬರೋ ಹಣ್ಣಿಗೆಲ್ಲಾ ಸೂಜಿ ಚುಚ್ಚಿ ಇಂಕ್ ತುಂಬಿದೀಯಲ್ಲ, ತಲೆ ನೆಟ್ಟಗಿದೆಯಾ ನಿಂಗೆ? ಯಾರು ಕುಡೀಬೇಕು ಇದನ್ನ?"

"ಪ್ರಾಕ್ಟೀಸಮ್ಮಾ," ಅಂದಳು ಯುಸ್ತೀನಾ. "ತಾತನೂ ಚಿಕ್ಕೋನಿದ್ದಾಗ ಹಚ್ಚೆ ಹಾಕೋದನ್ನ ಕಿತ್ತಳೆ ಮೇಲೇ ಕಲ್ತಿದ್ದಂತೆ."

"ಅವರಿಗೆ ಅವರಪ್ಪ ಹೇಳಿಕೊಟ್ಟಿದ್ರು. ನಿಂಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಯುಸ್ತೀನಾಳ ಸಂಕಟವೇ ಅದು.

ಕೈರೋದ ಶುಬ್ರಾ ಬಡಾವಣೆಯಲ್ಲಿ, ನಮ್ಮ ಬೀದಿಯಲ್ಲಂತೂ, ಯುಸ್ತೀನಾಳ ಗತ್ತಾಸ್ ತಾತನನ್ನು ಅರಿಯದವರು ಯಾರಿದ್ದಾರೆ? ಪ್ರತಿ ಶುಕ್ರವಾರ ಪೂಜೆ ಮುಗಿದ ಮೇಲೆ ಚರ್ಚಿನ ಗೇಟಿನ ಪಕ್ಕ ಒಂದು ಮೇಜು, ಎರಡು ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಮೇಜಿನ ಮೇಲೆ ಹಚ್ಚೆಯ ಮೆಷಿನ್ನು. ಮಕ್ಕಳ ಬಲಗೈ ಮಣಿಕಟ್ಟಿನ ಒಳಗಡೆ ಪುಟ್ಟ ಶಿಲುಬೆ ಹಾಕುವುದು ಅವನ ಕೆಲಸ. ನಮ್ಮಲ್ಲಿ ಕ್ರೈಸ್ತರ ಮಕ್ಕಳೆಂದರೆ ಕೈಯಲ್ಲಿ ಶಿಲುಬೆ ಇರಲೇಬೇಕು. ಈ ಬೀದಿಯ ಅರ್ಧ ಜನರ ಕೈಯಲ್ಲಿರುವುದು ತಾತ ಹಾಕಿದ್ದೇ.

ಆದರೆ ತಾತನದು ಬಲು ನಿಧಾನ. ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾನೆ. ಆಮೇಲೆ ಮಗುವಿನ ಹೆಸರು ಕೇಳುತ್ತಾನೆ. ಆಮೇಲೆ, "ನಿಂಗೆ ಬೇಕಾ? ನಿಮ್ಮಮ್ಮಂಗಲ್ಲ, ನಿಂಗೆ?" ಎಂದು ಕೇಳುತ್ತಾನೆ. ಮಗು ಬೇಡವೆಂದು ತಲೆ ಆಡಿಸಿತೋ, ಮುಗಿಯಿತು. ಕೈಗೊಂದು ಎಳ್ಳುಚಿಕ್ಕಿ ಕೊಟ್ಟು ವಾಪಸ್ ಕಳಿಸುತ್ತಾನೆ!

"ಅದಕ್ಕೇನು ಗೊತ್ತಾಗತ್ತೆ ಗತ್ತಾಸಣ್ಣ, ಹಿಡ್ಕೊಂಡು ಹಾಕಿಬಿಡಿ," ಎಂದು ತಾಯಂದಿರು ಗೊಣಗುತ್ತಾರೆ.

"ಯೇಸುಸ್ವಾಮಿ ಯಾರನ್ನೂ ಕೈ ಹಿಡಿದು ಎಳ್ಕೊಂಡು ಹೋಗಲಿಲ್ಲಮ್ಮ. ನಾನು ಹೆಂಗೆ ಎಳೀಲಿ?" ಅನ್ನುತ್ತಾನೆ ತಾತ.

ಯುಸ್ತೀನಾಳಿಗೆ ಇದನ್ನೆಲ್ಲ ಕೇಳಿ ಕೇಳಿ ಬೇಜಾರಾಗಿತ್ತು. "ನಾನಾದ್ರೆ ಇಷ್ಟೆಲ್ಲಾ ಕೇಳಲ್ಲಪ್ಪ. ಜುಯ್ ಅಂತ ಹಾಕಿ ಕಳಿಸ್ತೀನಿ. ಯಾವಾಗ ಕಲಿಸ್ತೀಯಾ ತಾತ?"

"ಮೊದ್ಲು ನೋಡೋದು ಕಲಿ."

"ನೋಡ್ತಾನೇ ಇದೀನಲ್ಲ!"

ತಾತ ನಕ್ಕು ಮುಂದಿನ ಮಗುವಿನ ಕಡೆ ತಿರುಗುತ್ತಿದ್ದ.

ಸ್ಕೂಲಿನಲ್ಲಿ ಬೇರೆ ಒಂದು ಎಡವಟ್ಟಾಗಿತ್ತು. "ನಂಗಾಗಲೇ ಹಚ್ಚೆ ಹಾಕೋಕೆ ಬರತ್ತೆ," ಎಂದು ಯುಸ್ತೀನಾ ಗೆಳತಿ ಸಿಲ್ವಾನಾಳ ಹತ್ತಿರ ಜಂಬ ಕೊಚ್ಚಿಕೊಂಡಿದ್ದಳು. ಯಾರಿಗೆ ಹಾಕಿದೀಯಾ ಎಂದು ಸಿಲ್ವಾನಾ ಪಟ್ಟುಹಿಡಿದು ಕೇಳಿದಾಗ ಕಿತ್ತಳೆಯ ವಿಷಯ ಬಾಯಿತಪ್ಪಿ ಹೊರಗೆ ಬಂದಿತ್ತು. ಐದನೇ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತ್ತು. "ನಿನ್ನ ಕಿತ್ತಳೇನೂ ಚರ್ಚಿಗೆ ಬರತ್ತೇನೇ?" ಎಂದು ಸಿಲ್ವಾನಾ ಕೇಳಿದ್ದಳು. ಅವತ್ತು ಯುಸ್ತೀನಾಳಿಗೆ ಮಧ್ಯಾಹ್ನದ ಊಟವೂ ಸೇರಲಿಲ್ಲ.

ಆ ಶುಕ್ರವಾರ ಗೇಟಿನ ಹತ್ತಿರ ಜನ ಕಡಿಮೆಯಿದ್ದರು. ತಾತ ಮೆಷಿನ್ನಿಗೆ ಹೊಸ ಸೂಜಿ ಹಾಕಿ ಸಿದ್ಧ ಮಾಡಿದ್ದಷ್ಟೇ, ಒಳಗಿನಿಂದ ಪಾದ್ರಿಗಳು ಕರೆಯುತ್ತಿದ್ದಾರೆಂದು ಯಾರೋ ಬಂದು ಹೇಳಿದರು.

"ಈಗ ಬಂದೆ," ಎಂದು ತಾತ ಎದ್ದ. "ಯುಸ್ತಿ, ಇಲ್ಲೇ ಕೂತಿರು. ಮೆಷಿನ್ ಕಡೆ ಕೈ ಹೋಗಬಾರ್ದು, ಕೇಳಿಸ್ತಾ?"

"ಕೇಳಿಸ್ತು."

ಮುಟ್ಟಬಾರದೆಂದೇ ಕೂತಿದ್ದಳು, ಪಾಪ. ಅಷ್ಟರಲ್ಲಿ ಸಿಲ್ವಾನಾ ತನ್ನ ಅಮ್ಮನ ಜೊತೆ ಗೇಟು ದಾಟಿ ಹೊರಗೆ ಬಂದಳು. ಮೇಜನ್ನು ನೋಡಿದಳು, ಯುಸ್ತೀನಾಳನ್ನು ನೋಡಿದಳು, ಹಲ್ಲು ಕಿಸಿದಳು.

"ಏನಮ್ಮಾ ಆರ್ಟಿಸ್ಟು? ಇವತ್ತು ಕಿತ್ತಳೆ ಸಿಗಲಿಲ್ವಾ?"

ಅವಳು ಹೋದ ಮೇಲೂ ಯುಸ್ತೀನಾಳ ಕಿವಿ ಬಿಸಿಯಾಗಿಯೇ ಇತ್ತು. ಪಕ್ಕದಲ್ಲಿ ತಮ್ಮ ಕಾರಾಸ್ ನೆಲದ ಮೇಲೆ ಕೂತು ಸೋಡಾ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಅವನಿಗೆ ಐದು ವರ್ಷ. ಅಕ್ಕ ಏನು ಹೇಳಿದರೂ ನಂಬುವ ವಯಸ್ಸು. ಅವನ ಕೈಯಲ್ಲಿ ಇನ್ನೂ ಶಿಲುಬೆ ಇರಲಿಲ್ಲ. ತಾತ ಕೇಳಿದಾಗಲೆಲ್ಲ "ಮುಂದಿನ ವರ್ಷ" ಎಂದು ಓಡಿಹೋಗುತ್ತಿದ್ದ.

"ಕಾರಾಸ್, ಬಾ ಇಲ್ಲಿ. ಚಿಕ್ಕಿ ಬೇಕಾ?"

ಬಂದ. ಎದುರಿನ ಸ್ಟೂಲಿನ ಮೇಲೆ ಹತ್ತಿ ಕೂತ.

"ನಿಂಗೆ ಶಿಲುಬೆ ಹಾಕ್ತೀನಿ. ಪುಟ್ಟದು. ಆಮೇಲೆ ಇಡೀ ಡಬ್ಬಿ ಚಿಕ್ಕಿ ನಿಂದೇ."

"ನೋವಾಗತ್ತಾ?"

"ಇರುವೆ ಕಚ್ಚಿದಂಗೆ ಅಷ್ಟೇ."

"ಎಷ್ಟು ಇರುವೆ?"

"ಒಂದೇ ಇರುವೆ ಕಣೋ."

ಕಾರಾಸ್ ಯೋಚನೆ ಮಾಡಿದ. ಆಮೇಲೆ ಬಲಗೈ ಚಾಚಿ ಮೇಜಿನ ಮೇಲೆ ಇಟ್ಟ.

ತಾತನಾಗಿದ್ದರೆ ಮೊದಲು ಮರದ ಅಚ್ಚು ಒತ್ತಿ ಗುರುತು ಮಾಡಿಕೊಳ್ಳುತ್ತಿದ್ದ. ಯುಸ್ತೀನಾ ಅಚ್ಚಿನ ಡಬ್ಬಿ ತೆಗೆಯಲೇ ಇಲ್ಲ. ಕಿತ್ತಳೆಯ ಮೇಲೆ ಅಚ್ಚಿಲ್ಲದೆಯೇ ಹಾಕಿದವಳು ಅವಳು! ಸ್ವಿಚ್ಚು ಒತ್ತಿದಳು. ಮೆಷಿನ್ನು ಜುಯ್ ಎಂದಿತು.

ಮೊದಲ ಗೆರೆ, ಉದ್ದದ ಗೆರೆ, ಅರ್ಧಕ್ಕೆ ಬರುವಷ್ಟರಲ್ಲಿ ಕಾರಾಸ್ ಕೂಗಿದ. "ಯುಸ್ತಿ, ಸಾಕು! ತುಂಬಾ ಇರುವೆ! ಬೇಡ, ಬೇಡ!"

ಕೈ ಎಳೆದುಕೊಳ್ಳಲು ನೋಡಿದ. ಯುಸ್ತೀನಾ ಬಿಡಲಿಲ್ಲ. ಎಡಗೈಯಿಂದ ಅವನ ಕೈಯನ್ನು ಮೇಜಿಗೆ ಅದುಮಿ ಹಿಡಿದಳು. ಎಷ್ಟು ಅದುಮಿದ್ದಳೆಂದರೆ ಅವನ ಬೆರಳುಗಳು ಬೆಳ್ಳಗಾದವು.

"ಅಲ್ಲಾಡಬೇಡ್ವೋ! ಇನ್ನೊಂದೇ ಗೆರೆ!"

ಅಡ್ಡ ಗೆರೆಯೂ ಮುಗಿಯಿತು. ಯುಸ್ತೀನಾ ಹತ್ತಿಯಿಂದ ಒರೆಸಿ ನೋಡಿದಳು. ಆಹಾ! ಒಂದು ಚೂರೂ ಡೊಂಕಿರಲಿಲ್ಲ. ಕಿತ್ತಳೆಯ ಮೇಲೆ ಬಂದದ್ದಕ್ಕಿಂತ ಚೆನ್ನಾಗಿ ಬಂದಿತ್ತು.

"ನೋಡೋ, ಎಷ್ಟು ಚೆನ್ನಾಗಿದೆ! ನೋಡು!"

ಕಾರಾಸ್ ಬಿಕ್ಕುತ್ತಾ ಕೈ ಎತ್ತಿ ಮುಖದ ಮುಂದೆ ಹಿಡಿದ. ಸಿಂಬಳ ಏರಿಸಿಕೊಂಡು ನೋಡಿದ.

"ಇದು ತಲೆಕೆಳಗಿದೆ," ಅಂದ.

"ಏನು ತಲೆಕೆಳಗೆ? ಸರಿಯಾಗಿ ನೋಡು!"

ಮೇಜು ಸುತ್ತಿ ಅವನ ಪಕ್ಕಕ್ಕೆ ಬಂದು ನೋಡಿದಳು. ಶಿಲುಬೆಯ ಉದ್ದದ ಕಾಲು ಬೆರಳುಗಳ ಕಡೆಗಿತ್ತು. ತಲೆ ಮೊಣಕೈ ಕಡೆಗಿತ್ತು. ಕಾರಾಸನ ಶಿಲುಬೆ ಕಾಲು ಮೇಲೆ ಮಾಡಿಕೊಂಡು ನಿಂತಿತ್ತು.

ತಾತ ಬಂದಾಗ ಇಬ್ಬರೂ ಅಳುತ್ತಿದ್ದರು.

ತಾತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಯುಸ್ತೀನಾಳಿಗೆ ಅನ್ನಿಸಿತು. ಅವನು ಕಾರಾಸನ ಕೈ ತೊಳೆದು, ಮುಲಾಮು ಹಚ್ಚಿ, ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡ. ಆಮೇಲೆ ಕೇಳಿದ.

"ನೀನು ಎಲ್ಲಿ ಕೂತಿದ್ದೆ?"

"ಇಲ್ಲಿ."

"ಇವನು?"

"ಎದುರುಗಡೆ."

"ಶಿಲುಬೆ ಯಾರ್ದು?"

"ಅವಂದು," ಎಂದಳು ಯುಸ್ತೀನಾ.

"ಮತ್ತೆ ನಿನ್ನ ಕಡೆಗೆ ನೆಟ್ಟಗೆ ಕಾಣೋ ಹಂಗೆ ಹಾಕಿದೀಯಲ್ಲಮ್ಮ. ಹಾಕೋರಿಗೆ ಅದು ತಲೆಕೆಳಗೇ ಕಾಣಬೇಕು. ಆಗ್ಲೇ ಹಾಕಿಸ್ಕೊಳ್ಳೋರಿಗೆ ಸರಿಯಾಗಿರೋದು."

"ಕಿತ್ತಳೆ ಮೇಲೆ ಸರಿಯಾಗೇ ಬರ್ತಿತ್ತು ತಾತ."

"ಕಿತ್ತಳೆ ನಿನ್ನ ಎದುರಿಗೆ ಕೂತ್ಕೊಂಡು ನೋಡಲ್ಲ ಕಣಮ್ಮ."

"ಅಳಿಸೋಕಾಗಲ್ವಾ?"

"ಇಲ್ಲ."

ಆದರೆ ಒಂದು ದಾರಿಯಿತ್ತು. ಮೊಟಕಾಗಿರುವ ತಲೆಯ ತುದಿಗೂ ಒಂದು ಚಿಕ್ಕ ಗೆರೆ ಸೇರಿಸಿ, ಅಡ್ಡ ಗೆರೆಯನ್ನೂ ಆಚೆ ಈಚೆ ಚೂರು ಬೆಳೆಸಿದರೆ ನಾಲ್ಕು ಕೈಯೂ ಸಮನಾಗುತ್ತವೆ. ಆಗ ಯಾವ ಕಡೆಯಿಂದ ನೋಡಿದರೂ ಸರಿ. ಗಾಯ ಮಾಗಿದ ಮೇಲೆ ಮಾಡಬಹುದು ಎಂದ ತಾತ. ಹಾಗೆಂದು ಕಾರಾಸನ ಮುಖ ನೋಡಿದ. "ನಿನ್ನ ಹೆಸರೇನಪ್ಪಾ?"

"ಕಾರಾಸ್." ತಾತನಿಗೆ ಗೊತ್ತಿಲ್ಲವೇ ಎಂಬಂತೆ ನೋಡಿದ ಅವನು.

"ಕಾರಾಸಪ್ಪಾ, ಇದನ್ನ ಸರಿ ಮಾಡ್ಲಾ, ಆಮೇಲೆ ಯಾವಾಗಾದ್ರೂ? ನಿಂಗೆ ಬೇಕಾ?"

ಕಾರಾಸ್ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಬೇಡ."

"ಆಯ್ತು."

"ತಾತ, ಸ್ವಲ್ಪ ಗೆರೆ ತಾನೆ!" ಯುಸ್ತೀನಾ ತಡೆಯಲಾರದೆ ಅಂದಳು. "ಗಟ್ಟಿಯಾಗಿ ಹಿಡ್ಕೊಂಡು..."

ಅಲ್ಲಿಗೇ ನಿಲ್ಲಿಸಿದಳು. ಕಾರಾಸ್ ತಾತನ ಅಂಗಿಯೊಳಗೆ ಮುಖ ಮುಚ್ಚಿಕೊಂಡಿದ್ದ.

ಮನೆಯಲ್ಲಿ ಅಮ್ಮ ಬೈಯುವುದಕ್ಕೆ ಏನೂ ಬಾಕಿ ಉಳಿಸಲಿಲ್ಲ. ಯುಸ್ತೀನಾಳಿಗೆ ಬೈದಳು, ಮೆಷಿನ್ನು ಬಿಟ್ಟು ಹೋದದ್ದಕ್ಕೆ ತಾತನಿಗೂ "ನೀವಾದ್ರೂ ನೋಡ್ಕೋಬಾರ್ದಾ ಮಾವ?" ಎಂದಳು. ಕೊನೆಗೆ ಕಾರಾಸನ ಕೈ ಹಿಡಿದು ತಾನೂ ಅತ್ತಳು. ಯುಸ್ತೀನಾ ತನ್ನ ಸೂಜಿಯನ್ನೂ ಇಂಕನ್ನೂ ತಂದು ಅಮ್ಮನ ಮುಂದೆ ಇಟ್ಟುಬಿಟ್ಟಳು.

ಗಾಯ ಬೇಗ ಮಾಗಿತು. ಆದರೆ ಕಾರಾಸ್ ಉದ್ದ ತೋಳಿನ ಸ್ವೆಟರ್ ಬಿಚ್ಚುವುದನ್ನೇ ನಿಲ್ಲಿಸಿದ. ಬಿಸಿಲು ಸುಡುತ್ತಿದ್ದರೂ ಬಲಗೈ ತೋಳಿನೊಳಗೇ.

ಒಂದು ಶುಕ್ರವಾರ ಚರ್ಚಿನ ಗೇಟಿನಲ್ಲಿ ಶಿಲುಬೆ ನೋಡಿ ಒಳಗೆ ಬಿಡುವ ಕಾವಲಿನ ಸಿದ್ಹೋಮ್ ಮಾಮ ಎಂದಿನಂತೆ "ಕೈ ತೋರ್ಸಿ, ಕೈ!" ಎಂದು ಕೂಗುತ್ತಿದ್ದರು. ಮಕ್ಕಳು ಮಣಿಕಟ್ಟು ಎತ್ತಿ ತೋರಿಸಿ ಒಳಗೆ ನುಗ್ಗುತ್ತಿದ್ದರು. ಕಾರಾಸ್ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಹಿಂದಿನಿಂದ ಒಬ್ಬ ಹುಡುಗ ಅದನ್ನು ಸರಕ್ಕನೆ ಮೇಲಕ್ಕೆ ಸರಿಸಿದ.

"ಲೋ, ನೋಡ್ರೋ! ಇವಂದು ಸರ್ಕಸ್ ಮಾಡ್ತಿದೆ, ತಲೆ ಮೇಲೆ ನಿಂತಿದೆ! ನಿಮ್ಮಕ್ಕ ಹಾಕಿದ್ದೇನೋ?"

ಯುಸ್ತೀನಾ ಮುಂದೆ ನುಗ್ಗಿದಳು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

"ಅಕ್ಕ ಸರಿಯಾಗೇ ಹಾಕಿದ್ಲು," ಎಂದ ಕಾರಾಸ್. ಅವನ ಮುಖ ಕೆಂಪಾಗಿತ್ತು. "ನಾನೇ ಅಲ್ಲಾಡಿಬಿಟ್ಟೆ."

ಪೂಜೆ ಮುಗಿಯುವವರೆಗೂ ಯುಸ್ತೀನಾ ತಲೆ ಎತ್ತಲಿಲ್ಲ. ಕಾರಾಸ್ ನನ್ನನ್ನು ಬೈದಿದ್ದರೆ, ಎಲ್ಲರ ಮುಂದೆ ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದುಕೊಂಡಳು.

ಅವತ್ತು ತಾತನ ಮೇಜಿನ ಹತ್ತಿರ ಹೋಗುವ ಧೈರ್ಯ ಅವಳಿಗಿರಲಿಲ್ಲ. ತಾತನೇ ಕರೆದ.

"ಯುಸ್ತಿ, ಬಾ. ಕೆಲ್ಸ ಇದೆ."

"ನಂಗೆ ಮೆಷಿನ್ ಬೇಡ ತಾತ."

"ಮೆಷಿನ್ ಯಾರು ಕೊಟ್ರು ನಿಂಗೆ? ಹೆಸರು ಕೇಳು ಸಾಕು. ಆಮೇಲೆ ಬೇಕಾ ಅಂತ ಕೇಳು."

ಒಬ್ಬ ಹೆಂಗಸು ಪುಟ್ಟ ಹುಡುಗಿಯೊಬ್ಬಳನ್ನು ಎಳೆದುಕೊಂಡು ಬಂದು ಸ್ಟೂಲಿನ ಮೇಲೆ ಕೂರಿಸಿದಳು. ಹುಡುಗಿ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ಯುಸ್ತೀನಾ ತಾತನ ಪಕ್ಕದಲ್ಲಿ ನಿಲ್ಲಲಿಲ್ಲ. ಮೇಜು ಸುತ್ತಿ ಹೋಗಿ ಹುಡುಗಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಅಲ್ಲಿಂದ ನೋಡಿದರೆ ಮೆಷಿನ್ನಿನ ಸೂಜಿ ನೇರವಾಗಿ ಮುಖದ ಕಡೆಗೇ ಇತ್ತು. ಇಷ್ಟು ದಿನ ಅದು ಅವಳಿಗೆ ಕಂಡೇ ಇರಲಿಲ್ಲ.

"ನಿನ್ನ ಹೆಸರೇನು?"

"ಫಿಬಿ."

"ನಿಂಗೆ ಬೇಕಾ ಫಿಬಿ?"

ಫಿಬಿ ಬೇಡವೆಂದು ತಲೆ ಅಲ್ಲಾಡಿಸಿದಳು.

"ಅವಳನ್ನೇನು ಕೇಳ್ತೀಯಾ?" ಎಂದಳು ಹೆಂಗಸು. "ಅಷ್ಟು ದೂರದಿಂದ ಬಂದಿದೀವಿ. ನೀನು ಕೈ ಹಿಡ್ಕೋ, ನಾನು ಭುಜ ಹಿಡ್ಕೋತೀನಿ."

"ಇಲ್ಲ ಆಂಟಿ." ಯುಸ್ತೀನಾ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು. "ಅವಳು ಬೇಡ ಅಂತಿದಾಳೆ."

ಹೆಂಗಸು ತಾತನ ಕಡೆ ನೋಡಿದಳು. ತಾತ ಕನ್ನಡಕ ತೆಗೆದು ಒರೆಸುತ್ತಾ ಕೂತಿದ್ದ. ಯುಸ್ತೀನಾ ಡಬ್ಬಿಯಿಂದ ಒಂದು ಎಳ್ಳುಚಿಕ್ಕಿ ತೆಗೆದು ಫಿಬಿಗೆ ಕೊಟ್ಟಳು. ಫಿಬಿ ಕಂಕುಳಿನಿಂದ ಒಂದು ಕೈ ಹೊರಗೆ ತೆಗೆದಳು.

ಕಾರಾಸ್ ಗೋಡೆಯ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದ.

ಸಂಜೆ ಅಕ್ಕ ತಮ್ಮ ಇಬ್ಬರೇ ಮನೆಗೆ ಹೊರಟರು. ದೊಡ್ಡ ರಸ್ತೆಯಲ್ಲಿ ಆಟೋದಂಥ ಟುಕ್‌ಟುಕ್‌ಗಳು ಒಂದರ ಹಿಂದೆ ಒಂದು ಬುರ್ರೆಂದು ಹೋಗುತ್ತಿದ್ದವು. ಮೊದಲೆಲ್ಲ ರಸ್ತೆ ಬಂತೆಂದರೆ ಕಾರಾಸ್ ತಾನಾಗಿ ಬಲಗೈಯನ್ನು ಅಕ್ಕನ ಕೈಯೊಳಗೆ ತೂರಿಸುತ್ತಿದ್ದ. ಈಗ ಅವನು ಅವಳ ಹಿಂದಿನಿಂದ ಸುತ್ತಿಕೊಂಡು ಇನ್ನೊಂದು ಪಕ್ಕಕ್ಕೆ ಬಂದು, ಎಡಗೈ ಕೊಟ್ಟ.

ಗಬಕ್ಕನೆ ಹಿಡಿಯಹೋದ ಯುಸ್ತೀನಾ ತನ್ನ ಕೈ ತಡೆದಳು.

"ಟುಕ್‌ಟುಕ್ ಬರ್ತಿದೆ. ಗಟ್ಟಿಯಾಗಿ ಹಿಡ್ಕೊಳ್ಳಲಾ?"

ಕಾರಾಸ್ ಯೋಚನೆ ಮಾಡಿದ.

"ಹೂಂ," ಎಂದ.

ಹಿಡಿದುಕೊಂಡಳು. ಇಬ್ಬರೂ ರಸ್ತೆ ದಾಟಿದರು. ಅವನ ಬಲಗೈ ಸ್ವೆಟರಿನ ತೋಳಿನೊಳಗೇ ಇತ್ತು. ಆ ಕೈಯನ್ನು ಕೊಡು ಎಂದು ಯುಸ್ತೀನಾ ಕೇಳಲಿಲ್ಲ.